ಹಳೆ ಎಸ್ಟೇಟ್ ಬಂಗಲೆಯ ದಾರಿ, ಅಂಗಳಕ್ಕೆ ಮತ್ತೆ ಇಟ್ಟಿಗೆ ಹಾಸು: ಇಂಟರ್‌ಲಾಕ್ ಕಿತ್ತ ಮೇಲೆ ಏನು?

ಕಣದಂಚು
ಮೂಡಿಗೆರೆ ಕಡೆಯ ಕಾಫಿ ತೋಟದ ಬಂಗಲೆ. ಗೇಟಿನಿಂದ ಪೋರ್ಟಿಕೊವರೆಗೆ 30 ಮೀಟರ್ ಉದ್ದ, 4 ಮೀಟರ್ ಅಗಲದ ದಾರಿ. ಹಿಂದೆ 9×8 ಮೀಟರಿನ ಅಂಗಳ. ಎರಡಕ್ಕೂ ಮೇಲೆ 60 ಮಿ.ಮೀ. ಸಿಮೆಂಟ್ ಇಂಟರ್‌ಲಾಕ್, ಅದರಡಿ ಸುಮಾರು 40 ಮಿ.ಮೀ. ಕ್ರಷರ್ ಡಸ್ಟ್. ಎರಡು ಕಡೆ ಗುಂಡಿ ತೋಡಿ ನೋಡಿದಾಗ ಹಳೆ ಹಾಸು ಹಾಗೇ ಇದೆ. ದಾರಿಯಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮೀನಿನ ಮುಳ್ಳಿನ ಹಾಗೆ ಜೋಡಿಸಿದ್ದಾರೆ, ಕೆಳಗೆ ಮರಳು, ಅದರ ಕೆಳಗೆ ಇಟ್ಟಿಗೆ ಚೂರು. ಅಂಗಳದಲ್ಲಿ ಇಟ್ಟಿಗೆ ಮಲಗಿಸಿದ್ದು, ಸಂದಿಗೆ ಗಾರೆ. ಇಟ್ಟಿಗೆ 230×110×70 ಮಿ.ಮೀ. ಆಸುಪಾಸು. ಜೀಪು, ಪಿಕಪ್ ಓಡಾಡುತ್ತವೆ, ಲಾರಿ ಬರುವುದಿಲ್ಲ.

ಮೂರು ಪ್ರಶ್ನೆ. ಹಳೆ ಇಟ್ಟಿಗೆ ಎಷ್ಟು ಮತ್ತೆ ಬಳಸಬಹುದು? ಕಮ್ಮಿ ಬಿದ್ದಷ್ಟಕ್ಕೆ ಯಾವ ಇಟ್ಟಿಗೆ ತರಿಸಬೇಕು? ಮೇಸ್ತ್ರಿ ನಾಲ್ಕು ಇಂಚು ಪಿಸಿಸಿ (ಕಬ್ಬಿಣ ಇಲ್ಲದ ಬರೀ ಕಾಂಕ್ರೀಟ್) ಹಾಕಿ ಅದರ ಮೇಲೆ ಸಿಮೆಂಟಿನಲ್ಲೇ ಇಟ್ಟಿಗೆ ಕೂರಿಸೋಣ ಅನ್ನುತ್ತಿದ್ದಾರೆ, ಅದು ಸರಿಯೇ?

ಚರಂಡಿ_ಮೊದಲು
ಇಟ್ಟಿಗೆಯ ವಿಚಾರ ಆಮೇಲೆ. ಮೊದಲು ಮಟ್ಟ ನೋಡಿ ಸರ್. ಇಂಟರ್‌ಲಾಕ್ ಹಾಕಿದವರು ಹಳೆ ಹಾಸಿನ ಮೇಲೇ ಹಾಕಿದ್ದಾರೆ ಅಂದರೆ ನೆಲ 100 ಮಿ.ಮೀ. ಮೇಲೆ ಬಂದಿದೆ. ಪೋರ್ಟಿಕೊ ಕಂಬದ ಬುಡದ ಕಲ್ಲು ಅಷ್ಟು ಹೂತಿರುತ್ತದೆ, ಮರದ ಕಂಬವಾದರೆ ಬುಡ ಈಗಲೇ ಮೆತ್ತಗಾಗಿರಬಹುದು. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮಳೆ ನೀರು ಗೋಡೆಯ ಕಡೆಗೆ ವಾಲುತ್ತಿದ್ದರೆ ಒಳಗಿನ ಗಿಲಾವು ಒಂದಡಿಯವರೆಗೆ ಉಬ್ಬಿ ಉದುರುತ್ತಿರುತ್ತದೆ. ಎಷ್ಟೋ ಕಡೆ ಇದಕ್ಕೆ ಗೋಡೆಯನ್ನು ದೂರಿ ವಾಟರ್‌ಪ್ರೂಫ್ ಬಳಿಯುತ್ತಾರೆ, ತಪ್ಪು ಅಂಗಳದ್ದು.

ಹಾಗಾಗಿ ಹೊಸ ಹಾಸಿನ ಮೇಲ್ಮಟ್ಟ ಹಳೆಯದರ ಮೇಲ್ಮಟ್ಟವೇ ಆಗಬೇಕು, ಒಂದು ಇಂಚೂ ಮೇಲೆ ಬೇಡ. ದಾರಿಗೆ ನಡುವೆ ದಿಬ್ಬ, ಎರಡೂ ಬದಿಗೆ 50ಕ್ಕೆ 1 ಇಳಿಜಾರು. 4 ಮೀಟರ್ ಅಗಲಕ್ಕೆ ನಡುವಿನಿಂದ ಅಂಚಿಗೆ 40 ಮಿ.ಮೀ. ಇಳಿಯಬೇಕು. ಬಯಲುಸೀಮೆಯಲ್ಲಿ 80ಕ್ಕೆ 1 ಸಾಕಾಗುತ್ತದೆ, ಘಟ್ಟದ ಮಳೆಗೆ ಸಾಲದು. ಕೈಯಲ್ಲಿ ಮಾಡಿದ ಇಟ್ಟಿಗೆಯ ಮೇಲ್ಮೈ ಏರುಪೇರಾಗಿರುತ್ತದೆ, ಕಡಿಮೆ ಇಳಿಜಾರಿನಲ್ಲಿ ಅಲ್ಲಲ್ಲಿ ನೀರು ನಿಂತು ಹಾವಸೆ ಕಟ್ಟುತ್ತದೆ.

ಸುಣ್ಣದಗೂಡು
ಕೀಳುವ ಮುಂಚೆ ದಾಖಲೆ ಮಾಡಿಕೊಳ್ಳಿ. ಒಂದು ಮೀಟರ್ ಚೌಕದ ಚೌಕಟ್ಟು ಇಟ್ಟು ಮೇಲಿನಿಂದ ನೇರ ಫೋಟೊ, ಪಕ್ಕದಲ್ಲಿ ಟೇಪು ಕಾಣಬೇಕು. ಮೂಲೆ, ತಿರುವು, ಮೋರಿಯ ಬಾಯಿ, ಮರದ ಬುಡ, ಇಂತಲ್ಲಿ ಹಳೆ ಕೆಲಸಗಾರರು ಇಟ್ಟಿಗೆ ಹೇಗೆ ಕತ್ತರಿಸಿ ಸೇರಿಸಿದ್ದಾರೆ ಅನ್ನುವುದೇ ಮುಖ್ಯ. ನಡುವಿನ ಬಯಲನ್ನು ಯಾರು ಬೇಕಾದರೂ ಮತ್ತೆ ಜೋಡಿಸಬಹುದು, ಅಂಚು ಜೋಡಿಸುವುದು ಕಷ್ಟ. ಚೆನ್ನಾಗಿ ಉಳಿದ ಒಂದು ಭಾಗವನ್ನು, ಎರಡು ಮೂರು ಚದರ ಮೀಟರಾದರೂ, ಮುಟ್ಟದೆ ಬಿಡಿ. ಮುಂದೆ ಅನುಮಾನ ಬಂದಾಗ ಅದೇ ಸಾಕ್ಷಿ.

ಐತಿಹಾಸಿಕ ತೋಟಗಳ ಬಗ್ಗೆ 1981ರ ಫ್ಲಾರೆನ್ಸ್ ಸನ್ನದು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ: ಮೊದಲು ಅಗೆದು ನೋಡು, ದಾಖಲಿಸು, ಊಹೆಯ ಮೇಲೆ ಕಟ್ಟಬೇಡ. ಕಟ್ಟಡವೇನಾದರೂ 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಕ್ಷಿತವಾಗಿದ್ದರೆ ಅನುಮತಿ ಇಲ್ಲದೆ ಗುದ್ದಲಿ ಎತ್ತುವಂತಿಲ್ಲ, ಅದನ್ನೂ ನೋಡಿಕೊಳ್ಳಿ.

ವೈರ್‌ಕಟ್
ಹಳೆ ಇಟ್ಟಿಗೆ ಆರಿಸುವ ಕ್ರಮ.

ಮೊದಲು ಕಿವಿ. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ. ಠಣ್ ಅಂದರೆ ಒಂದು ರಾಶಿ, ಡಬ್ ಅಂದರೆ ಇನ್ನೊಂದು ರಾಶಿ. ಆಮೇಲೆ ಮೊಳೆ. ಮುರಿದ ಮುಖವನ್ನು ಮೊಳೆಯಿಂದ ಗೀರಿ, ಆಳವಾದ ಗೆರೆ ಬಿದ್ದು ಕೆಂಪು ಪುಡಿ ಉದುರಿದರೆ ಅದು ಅರೆ ಬೆಂದದ್ದು. ಕೊನೆಗೆ ತೂಕ. ಐದು ಇಟ್ಟಿಗೆ ಪೂರ್ತಿ ಒಣಗಿಸಿ ತೂಗಿ, 24 ಗಂಟೆ ತಣ್ಣೀರಿನಲ್ಲಿ ಮುಳುಗಿಸಿ, ಒರೆಸಿ ತಕ್ಷಣ ಮತ್ತೆ ತೂಗಿ. ಒಣಗಿದಾಗ 3.2 ಕೆ.ಜಿ., ನೆಂದಾಗ 3.6 ಕೆ.ಜಿ. ಇದ್ದರೆ 400 ಗ್ರಾಂ ನೀರು ಕುಡಿದಿದೆ, ಅಂದರೆ ಶೇ. 12.5. ಲ್ಯಾಬಿನಲ್ಲಿ ಐಎಸ್ (ಭಾರತೀಯ ಮಾನಕ) 3495 ಪ್ರಕಾರ ಮಾಡುವುದೂ ಇದನ್ನೇ, ಅಲ್ಲಿ ಓವನ್ನಿನಲ್ಲಿ ಒಣಗಿಸುತ್ತಾರೆ ಅಷ್ಟೇ.

ಈಗ ಮಿತಿ. ಗೋಡೆಯ ಸಾಮಾನ್ಯ ಇಟ್ಟಿಗೆಗೆ ಐಎಸ್ 1077 ಶೇ. 20ರವರೆಗೆ ಬಿಡುತ್ತದೆ. ಹಾಸಿಗೆಂದೇ ಇರುವ ಐಎಸ್ 3583 ಶೇ. 5ಕ್ಕಿಂತ ಹೆಚ್ಚು ಕೂಡದು, ಬಲ ಚದರ ಮಿ.ಮೀ.ಗೆ 40 ನ್ಯೂಟನ್ ಇರಬೇಕು ಅನ್ನುತ್ತದೆ. ನಡುವೆ ಐಎಸ್ 2180ರ ಹೆವಿ ಡ್ಯೂಟಿ ಇಟ್ಟಿಗೆ, ಶೇ. 10. ನಮ್ಮ ಗೂಡುಗಳಲ್ಲಿ ಶೇ. 5 ಸಿಗುವುದು ಅಪರೂಪ. ಜೀಪು ಓಡಾಡುವ ದಾರಿಗೆ ಶೇ. 10ರ ಒಳಗೆ, ಕಾಲ್ನಡಿಗೆಯ ಅಂಗಳಕ್ಕೆ ಶೇ. 15ರ ಒಳಗೆ ಅಂತ ಗೆರೆ ಎಳೆದುಕೊಂಡರೆ ಕೆಲಸ ನಡೆಯುತ್ತದೆ.

ಜನ ಎಡವುವುದು ಒಂದು ಕಡೆ. "ಹಳೆ ಇಟ್ಟಿಗೆ" ಅಂತ ಕೆಡವಿದ ಮನೆಯ ಗೋಡೆ ಇಟ್ಟಿಗೆ ಕೊಂಡು ತಂದು ಹಾಸುತ್ತಾರೆ. ಗೋಡೆಯಲ್ಲಿ ನೂರು ವರ್ಷ ಬಾಳಿದ ಇಟ್ಟಿಗೆ ನೆಲದಲ್ಲಿ ಮೂರು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಗೋಡೆಯಲ್ಲಿ ಅದರ ಮೇಲೆ ಗಾರೆ ಇತ್ತು, ಮಾಡು ಇತ್ತು. ವಯಸ್ಸು ನೋಡಿ ಗಟ್ಟಿ ಅಂದುಕೊಳ್ಳಬೇಡಿ.

ಕಣದಂಚು
ಡಬ್ ಅನ್ನುವ ರಾಶಿ ದೊಡ್ಡದಾಗುವ ಹಾಗೆ ಕಾಣುತ್ತಿದೆ. ಎಸೆಯುವುದೇ?

ಸುಣ್ಣದಗೂಡು
ಎಸೆಯಬೇಡಿ, ಅದೇ ನಿಮ್ಮ ಸುರ್ಕಿ! ಹದವಾಗಿ, ಕಡಿಮೆ ಉರಿಯಲ್ಲಿ ಬೆಂದ ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಕರಟಿ ಕಪ್ಪಾದ ಇಟ್ಟಿಗೆಯ ಪುಡಿ ಬರೀ ಮರಳಿನ ಹಾಗೆ ಸುಮ್ಮನೆ ಇರುತ್ತದೆ. ಹಾಸಿಗೆ ಆಗದ ಇಟ್ಟಿಗೆ ಸುರ್ಕಿಗೆ ಆಗುತ್ತದೆ, ಸುರ್ಕಿಗೆ ಆಗದ ಕರಟಿದ್ದು ಜಲ್ಲಿಯ ಜೊತೆ ತಳಕ್ಕೆ ಹೋಗುತ್ತದೆ. ಹಸಿಯಾಗಿಯೇ ಉಳಿದ, ನೀರಿನಲ್ಲಿ ಕದಡುವ ಇಟ್ಟಿಗೆ ಮಾತ್ರ ಯಾವುದಕ್ಕೂ ಬೇಡ. ಹಳೆ ಸಿಮೆಂಟ್ ಅಂಟಿದ್ದನ್ನೂ ಪುಡಿ ಮಾಡಬೇಡಿ.

ಸೈಟ್_ಇಂಜಿನಿಯರ್
ಎಲ್ಲರೂ ಪಿಸಿಸಿ ಬೇಡ ಅನ್ನುವ ಕಡೆಗೇ ಹೊರಟಂತಿದೆ. ಅಡಿಯ ಮಣ್ಣು ಮೆತ್ತಗಿದ್ದರೆ ಮರಳಿನ ಮೇಲಿನ ಇಟ್ಟಿಗೆ ಚಕ್ರ ಓಡುವ ಕಡೆ ತಗ್ಗಾಗುತ್ತದೆ. ಎಂ10 ದರ್ಜೆಯ ಪಿಸಿಸಿ 100 ಮಿ.ಮೀ., ಮೇಲೆ 1:6 ಸಿಮೆಂಟ್ ಗಾರೆ. ತಗ್ಗುವ ಪ್ರಶ್ನೆಯೇ ಇಲ್ಲ. ಕಳೆಯೂ ಬರಲ್ಲ.

ವೈರ್‌ಕಟ್
ತಗ್ಗುವುದಿಲ್ಲ, ನಿಜ. ಸಿಪ್ಪೆ ಏಳುತ್ತದೆ. ಸಂದಿನ ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ, ನೀರನ್ನು ಒಳಗೂ ಬಿಡದು, ಹೊರಗೂ ಬಿಡದು. ಇಟ್ಟಿಗೆಗೆ ಇಳಿದ ನೀರಿಗೆ ಕೆಳಗೆ ಪಿಸಿಸಿ, ಪಕ್ಕದಲ್ಲಿ ಸಿಮೆಂಟ್. ಹೊರಬರುವ ದಾರಿ ಇಟ್ಟಿಗೆಯ ಮುಖವೊಂದೇ. ಹೊರಡುವಾಗ ಸಿಮೆಂಟಿನ ಉಪ್ಪನ್ನೂ ಹೊತ್ತು ಬರುತ್ತದೆ. ಮೇಲ್ಮೈಯ ಕೆಳಗೆ ಉಪ್ಪು ಹರಳುಗಟ್ಟಿ ಪದರ ಪದರವಾಗಿ ಎಬ್ಬಿಸುತ್ತದೆ. ನವೆಂಬರಿನಲ್ಲಿ ಅಂಗಳ ಒಣಗುತ್ತಿದ್ದ ಹಾಗೆ ಬಿಳಿ ಬೂದಿ ಬಳಿದಂತೆ ಕಾಣುವುದು ಅದೇ. ಒಂದೆರಡು ವರ್ಷಕ್ಕೆ ಇಟ್ಟಿಗೆ ಬಟ್ಟಲಿನ ಹಾಗೆ ತಗ್ಗಾಗಿ, ಸಿಮೆಂಟ್ ಸಂದು ಬಲೆಯ ಹಾಗೆ ಎದ್ದು ನಿಂತಿರುತ್ತದೆ. ಕಾಲಿಗೆ ತಾಗುತ್ತದೆ.

ಇನ್ನೊಂದು ವಿಷಯ. ಸಿಮೆಂಟಿನಲ್ಲಿ ಕೂರಿಸಿದ ಇಟ್ಟಿಗೆಯನ್ನು ಮುಂದೆ ಒಂದೂ ಮುರಿಯದೆ ತೆಗೆಯಲಾಗುವುದಿಲ್ಲ. ಮರಳಿನ ಮೇಲಿನದ್ದನ್ನು ಪೈಪ್ ಹಾಕಲು ಬೆಳಿಗ್ಗೆ ತೆಗೆದು ಸಂಜೆಗೆ ವಾಪಸ್ ಇಡಬಹುದು. ಈ ಬಂಗಲೆಯ ಇಟ್ಟಿಗೆ ಇಷ್ಟಾದರೂ ಉಳಿದಿರುವುದು ಅದಕ್ಕೇ.

ಸೈಟ್_ಇಂಜಿನಿಯರ್
ಉಪ್ಪಿನ ಮಾತು ಒಪ್ಪಿದೆ. ಮೆತ್ತಗಿನ ಮಣ್ಣಿಗೆ ನಿಮ್ಮ ಉತ್ತರ?

ಚರಂಡಿ_ಮೊದಲು
ಮೆತ್ತಗಿನ ಮಣ್ಣಿಗೆ ಉತ್ತರ ಜಲ್ಲಿ ಮತ್ತು ನೀರಿಗೆ ದಾರಿ. ಚಕ್ರದ ಕೆಳಗೆ ತಗ್ಗುವುದು ಭಾರದಿಂದ ಮಾತ್ರ ಅಲ್ಲ, ನೆಂದ ಮಣ್ಣು ಜಲ್ಲಿಯ ಸಂದಿಗೆ ಏರಿ ಬರುವುದರಿಂದ.

ಅಡಿಯ ಕೆಂಪು ಮಣ್ಣನ್ನು ದಾರಿಯ ಇಳಿಜಾರಿನಲ್ಲೇ ಕೆರೆದು ದಮ್ಮಸು ಮಾಡಿ. ಮೆತ್ತಗಿನ ತೇಪೆ ಸಿಕ್ಕರೆ ಅಗೆದು ಮುರಕಲ್ಲಿನ ಚೂರು ತುಂಬಿ. ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), 300 ಮಿ.ಮೀ. ಒಂದರ ಮೇಲೊಂದು ಬರುವ ಹಾಗೆ. ದಾರಿಗೆ 200 ಮಿ.ಮೀ. ಜಲ್ಲಿ ತಳ, 40 ಮಿ.ಮೀ.ನಿಂದ ಕೆಳಗಿನ ಎಲ್ಲ ಗಾತ್ರ ಬೆರೆತದ್ದು. ಒಂದೇ ಸಲ ಸುರಿದು ರೋಲರ್ ಓಡಿಸಿದರೆ ಮೇಲಿನ ನಾಲ್ಕು ಇಂಚು ಮಾತ್ರ ಬಿಗಿಯಾಗುತ್ತದೆ. ಎರಡು ಪದರ ಮಾಡಿ, ಒಂದೊಂದೂ 100 ಮಿ.ಮೀ., ನೀರು ಚಿಮುಕಿಸಿ. ಅಂಗಳಕ್ಕೆ 100 ಮಿ.ಮೀ. ಸಾಕು. ತಳ ಮುಗಿದಾಗ 3 ಮೀಟರ್ ಪಟ್ಟಿ ಇಟ್ಟು ನೋಡಿದರೆ ಕೆಳಗೆ 10 ಮಿ.ಮೀ.ಗಿಂತ ಹೆಚ್ಚು ಬೆಳಕು ಕಾಣಬಾರದು. ಕಂಡರೆ ಜಲ್ಲಿಯಲ್ಲೇ ಸರಿಮಾಡಿ, ಮರಳಿನಲ್ಲಿ ಮುಚ್ಚಬೇಡಿ. ಮರಳು ದಪ್ಪ ಇದ್ದ ಕಡೆ ಹೆಚ್ಚು ಕೂರುತ್ತದೆ, ಮೊದಲ ಆಷಾಢಕ್ಕೇ ಗೊತ್ತಾಗುತ್ತದೆ.

ಗುಡ್ಡದ ಬದಿಯಲ್ಲಿ 300 ಅಗಲ, 450 ಆಳದ ಕಣಿ ತೋಡಿ, ಬಟ್ಟೆ ಹಾಸಿ 40 ಮಿ.ಮೀ. ಜಲ್ಲಿ ತುಂಬಿ, ಬಟ್ಟೆ ಮಡಚಿ ಮುಚ್ಚಿ. ಬಾಯಿ ತೋಟದ ಕಡೆಗೆ ತೆರೆದಿರಲಿ. ಮೇಲಿನಿಂದ ಮಣ್ಣಿನೊಳಗೆ ಜಿನುಗಿ ಬರುವ ಒರತೆ ಅಲ್ಲೇ ಇಳಿಯಬೇಕು, ಹಾಸಿನ ಅಡಿಗೆ ಬರಬಾರದು.

ಹೊಳೆಬದಿ
ಮರಳಿನ ಬಗ್ಗೆ ಒಂದು ಮಾತು ಮಾರಾಯ್ರೆ. ಈಗ ಎಲ್ಲ ಕಡೆ ಎಂ ಸ್ಯಾಂಡ್, ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಅದರಲ್ಲಿ ಹಿಟ್ಟಿನ ಹಾಗಿನ ಧೂಳು ಇದ್ದರೆ ಹಾಸಿಗೆ ಆಗುವುದಿಲ್ಲ. ನೀರು ಹಿಡಿದುಕೊಂಡು ಕೆಸರಾಗಿ, ಚಕ್ರ ಹೋದಾಗೆಲ್ಲ ಸಂದಿನಿಂದ ಪಿಚಕ್ ಅಂತ ಮೇಲೆ ಬರುತ್ತದೆ. ತೊಳೆದ ಎಂ ಸ್ಯಾಂಡ್ ಕೇಳಿ. ಗಾಜಿನ ಲೋಟಕ್ಕೆ ಮರಳು, ನೀರು ಹಾಕಿ ಕಲಕಿ ಇಡಿ, ಮೇಲೆ ದಪ್ಪ ಕೆಸರಿನ ಪದರ ಕೂತರೆ ವಾಪಸ್ ಕಳಿಸಿ. ಕರಾವಳಿಯವರು ಅಳಿವೆ ಬಾಯಿಯ ಮರಳು ಹಾಕುವುದೇ ಬೇಡ, ಉಪ್ಪು ಸೀದಾ ಇಟ್ಟಿಗೆಗೆ ಏರುತ್ತದೆ.

ಕ್ರಷರ್ ಡಸ್ಟ್ ಇಂಟರ್‌ಲಾಕಿನವರ ಅಭ್ಯಾಸ. ಕಿತ್ತದ್ದನ್ನು ಅಲ್ಲೇ ಮತ್ತೆ ಬಳಸಲು ಬಿಡಬೇಡಿ.

ವೈರ್‌ಕಟ್
ಹಾಸುವುದು. 25 ಮಿ.ಮೀ. ಕಬ್ಬಿಣದ ಪೈಪು ಎರಡು ಕಡೆ ಮಲಗಿಸಿ, ಮರಳು ಸುರಿದು, ಪಟ್ಟಿಯಿಂದ ಎಳೆಯಿರಿ. ಮರಳು ಒಂದಿಷ್ಟು ತೇವ ಇರಲಿ, ಉಂಡೆ ಕಟ್ಟಿದರೆ ನಿಲ್ಲಬೇಕು, ನೀರು ಜಿನುಗಬಾರದು. ಎಳೆದ ಮರಳಿನ ಮೇಲೆ ಯಾರೂ ಕಾಲಿಡಬಾರದು, ಹಾಸಿದ ಇಟ್ಟಿಗೆಯ ಮೇಲೆ ನಿಂತು ಮುಂದೆ ಮುಂದೆ ಹೋಗಬೇಕು. ಪೈಪು ತೆಗೆದ ಗೆರೆಯನ್ನು ಮರಳಿನಿಂದಲೇ ತುಂಬಿ. ಅಂತಿಮ ಮಟ್ಟಕ್ಕಿಂತ 8ರಿಂದ 10 ಮಿ.ಮೀ. ಎತ್ತರಕ್ಕೆ ಹಾಸಿ, ಕುಟ್ಟಿದಾಗ ಅಷ್ಟು ಕೂರುತ್ತದೆ.

ಸಂದು ಇರಲೇಬೇಕು. ಇಟ್ಟಿಗೆಗೆ ಇಟ್ಟಿಗೆ ತಾಗಿಸಿ ಒತ್ತಿ ಹಾಸಿದರೆ ಕುಟ್ಟುವಾಗ ಅಂಚು ಹಾರುತ್ತದೆ. ಯಂತ್ರದ ಇಟ್ಟಿಗೆಗೆ 3 ಮಿ.ಮೀ., ಕೈ ಇಟ್ಟಿಗೆಗೆ 5 ಮಿ.ಮೀ. ಕಂಪಾಕ್ಟರಿನ ತಟ್ಟೆಗೆ ರಬ್ಬರ್ ಹಾಸು ಕಡ್ಡಾಯ. ಹಳೆ ಇಟ್ಟಿಗೆಗಾದರೆ ನಾನು ಯಂತ್ರವನ್ನೇ ಬಿಟ್ಟು ಮರದ ಹಲಗೆ ಇಟ್ಟು ಸುತ್ತಿಗೆಯಲ್ಲಿ ಬಡಿಸುವುದೇ ವಾಸಿ ಅನ್ನುತ್ತೇನೆ, ನಿಧಾನ ನಿಜ. ಆಮೇಲೆ ಪೂರ್ತಿ ಒಣಗಿದ ಸಣ್ಣ ಮರಳು ಗುಡಿಸಿ ತುಂಬಿ, ಮತ್ತೆ ಬಡಿದು, ಮತ್ತೆ ತುಂಬಿ. ಒದ್ದೆ ಮರಳು ಸಂದಿನ ಬಾಯಲ್ಲೇ ಸೇತುವೆ ಕಟ್ಟಿ ಒಳಗೆ ಟೊಳ್ಳು ಬಿಡುತ್ತದೆ. ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ತುಂಬಬೇಕು. ಇರುವೆಗಳೂ ಸಾಕಷ್ಟು ಮರಳು ಹೊರಗೆ ಹಾಕಿರುತ್ತವೆ.

ಮೀನಿನ ಮುಳ್ಳಿನ ಜೋಡಣೆ ಬದಲಿಸಬೇಡಿ. ಚಕ್ರ ತಿರುಗುವಾಗಿನ ತಳ್ಳು ನಾಲ್ಕೂ ಕಡೆಗೆ ಹಂಚಿಹೋಗುತ್ತದೆ. ಚಾಪೆ ಹೆಣಿಗೆಯಲ್ಲಿ ಸಂದು ನೇರ ಗೆರೆಯಾಗಿ ಓಡುವುದರಿಂದ ಆ ಗೆರೆಯಲ್ಲೇ ಜರುಗುತ್ತದೆ. ಅದು ಅಂಗಳಕ್ಕೆ ಸರಿ.

ಸೈಟ್_ಇಂಜಿನಿಯರ್
ಅಂಚು ಹಿಡಿಯದಿದ್ದರೆ ಇದೆಲ್ಲ ಬಿಚ್ಚಿಕೊಳ್ಳುತ್ತದೆ. ಅಲ್ಲಾದರೂ ಕಾಂಕ್ರೀಟ್ ಒಪ್ಪುತ್ತೀರಾ?

ವೈರ್‌ಕಟ್
ಹಳೆ ಅಂಚಿನಲ್ಲಿ ಏನಿತ್ತು ಅನ್ನುವುದರ ಮೇಲೆ. ಅಂಚುಗಲ್ಲು ಇದ್ದರೆ ಅದನ್ನೇ ಮೂರನೇ ಎರಡು ಭಾಗ ಹೂತು ನಿಲ್ಲಿಸಿ. ಇಲ್ಲದಿದ್ದರೆ ಇಟ್ಟಿಗೆಯನ್ನು ಉದ್ದಕ್ಕೆ ನೆಟ್ಟು, ಹೊರಬದಿಗೆ ಮಾತ್ರ ಕಾಂಕ್ರೀಟಿನ ಒತ್ತು ಕೊಡಿ, ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಅಷ್ಟಕ್ಕೆ ನನ್ನ ತಕರಾರಿಲ್ಲ. ಹಾಸಿನ ಸಾಲಿಗೆ ಸಿಮೆಂಟ್ ತಾಗಬಾರದು, ಅಡಿಯ ಜಲ್ಲಿಯಿಂದ ನೀರು ಹೊರಹೋಗಲು 2 ಮೀಟರಿಗೊಂದು ಕಿಂಡಿ ಬಿಡಬೇಕು.

ಸುಣ್ಣದಗೂಡು
ಅಂಗಳದ್ದು ಬೇರೆ ಕಥೆ, ಅಲ್ಲಿ ಮೊದಲೂ ಗಾರೆ ಸಂದು ಇತ್ತು. ಅಡಿಕೆ, ಕಾಫಿ ಒಣಗಿಸುವ ಅಂಗಳಕ್ಕೆ ಮರಳು ಸಂದು ಆಗುವುದಿಲ್ಲ, ಗುಡಿಸಿದಾಗೆಲ್ಲ ಮರಳು ಬೀಜದ ಜೊತೆ ಬರುತ್ತದೆ.

ಸುಣ್ಣ, ಸುರ್ಕಿ, ಮರಳು 1:1:1. ಬೆಟ್ಟದ ಸುಣ್ಣದ ಕಲ್ಲಾಗಲಿ, ಕರಾವಳಿಯ ಮರುವಾಯಿ ಚಿಪ್ಪಿನದಾಗಲಿ, ಸುಟ್ಟ ಸುಣ್ಣವನ್ನೇ ತಂದು ಅರಳಿಸಿ, ಜರಡಿ ಹಿಡಿದು, ನೀರಿನಡಿ ಕನಿಷ್ಠ ಎರಡು ವಾರ ಇಡಿ. ಸರಿಯಾಗಿ ಅರಳದ ಹರಳು ಉಳಿದರೆ ಸಂದಿಯಲ್ಲಿ ಆಮೇಲೆ ಅರಳಿ ಗುಳ್ಳೆಯ ಹಾಗೆ ಒಡೆಯುತ್ತದೆ. ಚೀಲದ ಪೇಂಟ್ ಸುಣ್ಣ ಬೇಡ. ಮೂರನ್ನೂ ಘಾಣದಲ್ಲಿ ಅರೆಯಬೇಕು, ಘಾಣ ಇಲ್ಲದಿದ್ದರೆ ರೋಲರ್ ಪ್ಯಾನ್ ಮಿಕ್ಸರ್. ಕಾಂಕ್ರೀಟ್ ಮಿಕ್ಸರ್ ತಿರುಗಿಸುತ್ತದೆ, ಅರೆಯುವುದಿಲ್ಲ. ಕರಣೆಯನ್ನು ತಿರುಗಿಸಿ ಹಿಡಿದಾಗ ಗಾರೆ ಬೀಳದೆ ಅಂಟಿ ನಿಂತರೆ ಹದ ಬಂದಿದೆ. ಬೆಲ್ಲ, ಅಳಲೆಕಾಯಿ ನೀರು ಹಾಕುವ ರೂಢಿಯಿದೆ, ಆದರೆ ಅದರ ಹಿಂದೆ ಬಿದ್ದು ಅರೆಯುವುದನ್ನು ಮರೆಯುವವರೇ ಹೆಚ್ಚು.

ಇಟ್ಟಿಗೆಯನ್ನು ನೆನೆಸಿ, ಮೇಲಿನ ನೀರು ಆರಿದ ಮೇಲೆ ಕೂರಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ ಸಂದನ್ನು ಪುಡಿ ಮಾಡಿಬಿಡುತ್ತದೆ. ಎರಡು ವಾರ ಒದ್ದೆ ಗೋಣಿಚೀಲ ಮುಚ್ಚಿಡಿ, ಬಿಸಿಲು ತಾಗಬಾರದು. ಕೆಲಸ ದೀಪಾವಳಿ ಕಳೆದು ಶುರುವಾಗಿ ಮಾರ್ಚ್ ಒಳಗೆ ಮುಗಿಯಬೇಕು. ಏಪ್ರಿಲ್ ಕೊನೆಯಲ್ಲಿ ಹಾಕಿದ ಗಾರೆಯನ್ನು ಮುಂಗಾರಿಗೆ ಮುಂಚಿನ ಗುಡುಗು ಮಳೆಯೇ ತೊಳೆದುಕೊಂಡು ಹೋಗುತ್ತದೆ.

ಕಾಫಿ ಪಲ್ಪರಿನ ನೀರು ಈ ಅಂಗಳಕ್ಕೆ ಹರಿಯಕೂಡದು. ಅದು ಹುಳಿ, ಸುಣ್ಣವನ್ನು ತಿನ್ನುತ್ತದೆ.

ಹಂಚಿನಮಾಡು
ಜಗಲಿಯ ಮೇಲೆ ಮಂಗಳೂರಿನ ನೆಲದ ಹಂಚು ಇದೆಯೇ? ಇದ್ದರೆ ಅದನ್ನು ಅಂಗಳದ ಲೆಕ್ಕದಲ್ಲಿ ಸೇರಿಸಬೇಡಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ ನೇತ್ರಾವತಿ ದಡದಲ್ಲಿ ಶುರುಮಾಡಿದ ಮೇಲೆ ಕರಾವಳಿಯ ಕಾರ್ಖಾನೆಗಳು ಮಾಡಿನ ಹಂಚಿನ ಜೊತೆ ಚೌಕ, ಆರು ಮೂಲೆಯ ನೆಲಹಂಚನ್ನೂ ಮಾಡಿದವು. ತೆಳು ಹಂಚು, ಸೂರಿನಡಿಗೆ ಸರಿ, ಚಕ್ರಕ್ಕೂ ಮಳೆಗೂ ಅಲ್ಲ. ಅಡಿಯಲ್ಲಿ ಒಂದು ಬೆರಳಿನಷ್ಟು ಟೊಳ್ಳು ಇದ್ದರೂ ಹಿಮ್ಮಡಿ ಊರಿದಾಗ ಸೀಳುತ್ತದೆ. ಎಬ್ಬಿಸಿದರೆ ಬೆನ್ನಿನ ಮೇಲಿನ ಕಾರ್ಖಾನೆ ಮುದ್ರೆಯ ಫೋಟೊ ತೆಗೆದಿಡಿ, ಕಾಲ ನಿರ್ಣಯಕ್ಕೆ ಅದರಷ್ಟು ಒಳ್ಳೆಯ ಆಧಾರ ಸಿಗುವುದಿಲ್ಲ.

ಕಣದಂಚು
ಜಗಲಿಯದ್ದು ಮುಟ್ಟುವುದಿಲ್ಲ. ಹಾವಸೆಗೆ ಏನು ಮಾಡುವುದು? ಸೀಲರ್ ಬಳಿಯಿರಿ ಅಂತ ಅಂಗಡಿಯವರು.

ಹೊಳೆಬದಿ
ಸೀಲರ್ ಬಳಿದರೆ ಮೇಲೆ ಹೇಳಿದ ಉಪ್ಪಿನ ಕಥೆಯೇ, ಸಿಮೆಂಟ್ ಬದಲು ಪ್ಲಾಸ್ಟಿಕ್ ಪೊರೆ. ಆಸಿಡ್ ಅಂತೂ ಗಾರೆ ಸಂದನ್ನು ಅಲ್ಲೇ ಕರಗಿಸುತ್ತದೆ. ಪ್ರೆಶರ್ ವಾಷರ್ ಸಂದಿನ ಮರಳನ್ನು ಎಬ್ಬಿಸಿ ಬಿಸಾಡುತ್ತದೆ. ಬಿರುಸಾದ ಹಿಡಿಸೂಡಿ, ನೀರು, ಬಿಸಿಲು ಬಂದ ದಿನ ಉಜ್ಜುವುದು. ಜಾರುವ ಜಾಗಕ್ಕೆ ತಿಳಿ ಸುಣ್ಣದ ನೀರು ಒಂದು ಕೈ ಬಳಿದರೆ ಕೆಲವು ವಾರ ಹಾವಸೆ ಹಿಂದೆ ಸರಿಯುತ್ತದೆ. ಬಚ್ಚಲಿಗೋ ಕೊಟ್ಟಿಗೆಗೋ ಹೋಗುವ ಕಾಲುದಾರಿಯಲ್ಲಿ ಆಷಾಢ, ಶ್ರಾವಣ ಎರಡು ತಿಂಗಳು ಅಡಿಕೆ ದಬ್ಬೆ ಹಾಸುವ ಹಳೇ ಪದ್ಧತಿಗೆ ಸಮ ಯಾವುದೂ ಇಲ್ಲ. ಮೇಲೆ ಚಾಚಿದ ಕೊಂಬೆ ಸವರಿ ಬೆಳಕು ಬಿಡಿ, ಅರ್ಧ ಹಾವಸೆ ಅದಕ್ಕೇ ಹೋಗುತ್ತದೆ.

ನೆಟ್‌ನಲ್ಲಿ ಸಿಗುವ ಸಲಹೆ ಬಹುಪಾಲು ಇಂಗ್ಲೆಂಡಿನದು. ಅಲ್ಲಿಯ ಚಿಂತೆ ಇಟ್ಟಿಗೆಯೊಳಗೆ ನೀರು ಹೆಪ್ಪುಗಟ್ಟಿ ಒಡೆಯುವುದು. ನಮಗೆ ಆ ಭಯ ಇಲ್ಲ. ನಾಲ್ಕು ತಿಂಗಳು ನೆನೆಯುವುದು, ಆಮೇಲೆ ಒಮ್ಮೆಲೇ ಒಣಗುವುದು, ನಮ್ಮದು ಅದು.

ಕಣದಂಚು
ಲೆಕ್ಕ ಹಾಕಿದ್ದೇನೆ, ನೋಡಿ. ದಾರಿ 120 ಚದರ ಮೀಟರ್, ಅಂಚಿನ ಮೇಲೆ ನಿಲ್ಲಿಸಿದರೆ ಚದರ ಮೀಟರಿಗೆ 57, ಒಟ್ಟು 6,840. ಕತ್ತರಿಸಿ ಹಾಳಾಗುವುದು ಶೇ. 8 ಸೇರಿ 7,400. ಅಂಗಳ 72 ಚದರ ಮೀಟರ್, ಮಲಗಿಸಿದರೆ 37ರಂತೆ 2,664, ಶೇ. 5 ಸೇರಿ 2,800. ಹಾಸಿನ ಮರಳು 30 ಮಿ.ಮೀ., ಸಡಿಲಕ್ಕೆ ಕಾಲು ಭಾಗ ಹೆಚ್ಚು ಸೇರಿ ಸುಮಾರು 7.2 ಘನ ಮೀಟರ್. ಜಲ್ಲಿ 39 ಘನ ಮೀಟರ್.

ಸುಣ್ಣದಗೂಡು
ಅಂಗಳವನ್ನು ಮರಳಿನ ಲೆಕ್ಕದಿಂದ ತೆಗೆಯಿರಿ. ಅಲ್ಲಿ ಇಟ್ಟಿಗೆಯಡಿಯೂ ಗಾರೆಯೇ, 25 ಮಿ.ಮೀ. ಸಾಕು. ಹಾಗಾಗಿ ಹಾಸಿನ ಮರಳು 4.5 ಘನ ಮೀಟರ್.

ಚರಂಡಿ_ಮೊದಲು
ದಾರಿಯ ಸಂದಿಗೆ ಒಣ ಮರಳು ಬೇರೆ ಹಿಡಿಯಿರಿ, 5 ಮಿ.ಮೀ. ಸಂದಿಗೆ ಸುಮಾರು 1.1 ಘನ ಮೀಟರ್ ಬೇಕು. ಕಣಿಗೆ ಹಾಕುವ ಜಲ್ಲಿ 30 ಮೀಟರಿಗೆ 4 ಘನ ಮೀಟರ್ ಆಗುತ್ತದೆ, ಅದು ನಿಮ್ಮ 39ರಲ್ಲಿ ಇಲ್ಲ. ಅಗೆತ ದಾರಿಯಲ್ಲಿ ಹಳೆ ಮೇಲ್ಮಟ್ಟದಿಂದ 340 ಮಿ.ಮೀ.: 200 ಜಲ್ಲಿ, 30 ಮರಳು, 110 ಇಟ್ಟಿಗೆ. ಹಳೆ ಇಟ್ಟಿಗೆ ಚೂರಿನ ತಳ ಗಟ್ಟಿಯಾಗಿದ್ದು ನೀರು ಇಳಿಯುತ್ತಿದ್ದರೆ ಅದನ್ನು ಕೀಳಲೇಬೇಡಿ. ಗುಂಡಿಗೆ ಒಂದು ಕೊಡ ನೀರು ಸುರಿದು ನೋಡಿ, ಅರ್ಧ ಗಂಟೆಯಲ್ಲಿ ಇಂಗಿದರೆ ತಳ ಉಳಿಸಿಕೊಳ್ಳಿ. ಜಲ್ಲಿಯ ಮುಕ್ಕಾಲು ಖರ್ಚು ಉಳಿಯುತ್ತದೆ.

ವೈರ್‌ಕಟ್
ಹೊಸ ಇಟ್ಟಿಗೆ ಮಾಲೂರು ಕಡೆಯಿಂದ ತರಿಸುವುದಾದರೆ ಒಂದೇ ಗೂಡಿನ ಒಂದೇ ಸುಡುವಿಕೆಯದನ್ನು ಕೇಳಿ, ಬಣ್ಣ ಬೇರೆಯಾದರೆ ಮೂರು ನಾಲ್ಕು ರಾಶಿಯಿಂದ ಬೆರೆಸಿ ಹಾಸಿ. ಮುಂಗಡ ಕೊಡುವ ಮೊದಲು ಐದು ಇಟ್ಟಿಗೆ ತರಿಸಿ ತೂಕದ ಪರೀಕ್ಷೆ ಮಾಡಿ. ಉಪ್ಪಿಗೂ ಒಂದು ಪರೀಕ್ಷೆ: ತಟ್ಟೆಯಲ್ಲಿ 25 ಮಿ.ಮೀ. ಶುದ್ಧ ನೀರು, ಇಟ್ಟಿಗೆಯನ್ನು ನಿಲ್ಲಿಸಿ, ನೀರು ಪೂರ್ತಿ ಆರುವವರೆಗೆ ಬಿಡಿ, ಮತ್ತೊಮ್ಮೆ ನೀರು ಹಾಕಿ ಆರಿಸಿ. ಮೇಲ್ಮೈಯ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಬೆಳ್ಳಗಾದರೆ ಆ ಗೂಡು ಬೇಡ. ಹೊಸದನ್ನು ಚಕ್ರ ಓಡುವ ಎರಡು ಪಟ್ಟಿಗೆ ಹಾಕಬೇಕೋ, ಹಳೆಯದರ ನಡುವೆ ಚದುರಿಸಬೇಕೋ ಅನ್ನುವುದರಲ್ಲಿ ಜನರಿಗೆ ಒಮ್ಮತ ಇಲ್ಲ. ನನ್ನ ಪ್ರಕಾರ ಪೋರ್ಟಿಕೊ ಮುಂದಿನ ಭಾಗ ಪೂರ್ತಿ ಹಳೆಯದು, ಗೇಟಿನ ಕಡೆ ಪೂರ್ತಿ ಹೊಸದು. ಬೆರೆಸಿದರೆ ದಪ್ಪದ ವ್ಯತ್ಯಾಸಕ್ಕೆ ಪ್ರತಿ ಇಟ್ಟಿಗೆಯನ್ನೂ ಎತ್ತಿ ಇಳಿಸಬೇಕಾಗುತ್ತದೆ.

ಕಣದಂಚು
ಕೊಡ ನೀರು ಸುರಿದು ನೋಡಿದೆ. ಗೇಟಿನ ಹತ್ತಿರದ ಗುಂಡಿ ಇಪ್ಪತ್ತು ನಿಮಿಷಕ್ಕೆ ಇಂಗಿತು. ಪೋರ್ಟಿಕೊ ಮುಂದಿನದು ಸಂಜೆಯವರೆಗೂ ನಿಂತೇ ಇದೆ.

ಚರಂಡಿ_ಮೊದಲು
ಹಾಗಾದರೆ ಪೋರ್ಟಿಕೊ ಮುಂದಿನ ಆರೇಳು ಮೀಟರ್ ಮಾತ್ರ ತಳ ತೆಗೆಯಿರಿ. ಅಲ್ಲಿಗೆ ಮಾಡಿನ ನೀರು ಬೀಳುತ್ತಿದೆಯೇ ನೋಡಿ, ಬೀಳುತ್ತಿದ್ದರೆ ಸೂರಿನ ನೀರಿನ ದೋಣಿ ಸರಿಮಾಡಿಸಿದ ಮೇಲೆಯೇ ಹಾಸಿಗೆ ಕೈ ಹಾಕಿ.